ನುಡಿಯಲ್ಲಿ ಟೈಪಿಸಿದ ಲೇಖನವನ್ನು ಪ್ರೆಸ್ಸಿಗೆ ಮೇಲ್ ಮಾಡುವ ಮುನ್ನ

ಸ್ಮರಣ ಸಂಚಿಕೆಗೆ ಬಂದ ಲೇಖನ ತೆರೆದರೆ ಕನ್ನಡದ ಬದಲು ಕೊಂಬು-ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲು ಕೆಟ್ಟಿರುವುದಿಲ್ಲ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಸಂಕೇತ ಉಳಿಯುತ್ತದೆ.

ಹಾಗಾಗಿ ನಾನು ಸದಾ ಎರಡು ಫೈಲು ಲಗತ್ತಿಸುತ್ತೇನೆ: ತಿದ್ದಲು ವರ್ಡ್, ತಾಳೆ ನೋಡಲು ಪಿಡಿಎಫ್. ಫಾಂಟಿನ ಹೆಸರನ್ನು ಮೇಲ್‌ನಲ್ಲೇ ಬರೆಯುತ್ತೇನೆ. ಪಿಡಿಎಫ್ ಅನ್ನು ಅಡೋಬಿ ರೀಡರ್‌ನಲ್ಲಿ ತೆರೆದು, ಕಂಟ್ರೋಲ್-ಡಿ ಒತ್ತಿ ಫಾಂಟ್ಸ್ ಟ್ಯಾಬ್ ನೋಡಿ. ಪ್ರತಿ ಹೆಸರಿನ ಪಕ್ಕ 'ಎಂಬೆಡೆಡ್ ಸಬ್‌ಸೆಟ್' ಅಥವಾ 'ಎಂಬೆಡೆಡ್' (ಫಾಂಟ್ ಪಿಡಿಎಫ್ ಒಳಗೇ ಸೇರಿದೆ) ಎಂದಿರಲೇಬೇಕು.

ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತವಿರುವ ಯೂನಿಕೋಡಿಗೆ ಬದಲಿಸಿ ಕಳಿಸುವುದೇ ಉತ್ತಮ, ಆದರೆ ಬದಲಿಸಿದ್ದನ್ನು ಓದದೆ ಕಳಿಸಬಾರದು. ಹಳೆಯ ಫಾಂಟಿನಲ್ಲಿ 'ಧರ್ಮ'ದ ಅರ್ಕಾವತ್ತು ಮ-ಕಾರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರ-ಕಾರ ಮೊದಲು ಬರಬೇಕು. ಪರಿವರ್ತಕ ತಪ್ಪುವುದು ಹೆಚ್ಚಾಗಿ ಇಂಥಲ್ಲೇ. ಇನ್ನೊಂದು: ಲೇಖನದ ನಡುವೆ ಇಂಗ್ಲಿಷಿನಲ್ಲಿರುವ ಮೇಲ್ ವಿಳಾಸ, ಜಾಲತಾಣದ ಹೆಸರುಗಳನ್ನೂ ಅದು ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಅವನ್ನು ಕೈಯಿಂದಲೇ ಮತ್ತೆ ಟೈಪಿಸಬೇಕು.

ಫೋಟೋಗಳನ್ನು ವರ್ಡ್ ಒಳಗೆ ಅಂಟಿಸಿದರೆ ಸಾಲದು, ಉಳಿಸುವಾಗ ವರ್ಡ್ ಅವುಗಳನ್ನು ಕುಗ್ಗಿಸುತ್ತದೆ. ಮೂಲ ಜೆಪೆಗ್ ಬೇರೆಯಾಗಿ ಕೊಡಿ. 4 ಇಂಚು ಅಗಲಕ್ಕೆ ಅಚ್ಚಾಗಬೇಕಾದ ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 1200 ಪಿಕ್ಸೆಲ್ ಇರಬೇಕು. ವಾಟ್ಸ್ಯಾಪ್‌ನಲ್ಲಿ ಕಳಿಸುವುದಾದರೆ ಗ್ಯಾಲರಿಯಿಂದ ಬೇಡ, 'ಡಾಕ್ಯುಮೆಂಟ್' ಆಗಿ ಕಳಿಸಿ.

ಜಿಮೇಲ್ ಮಿತಿ 25 ಎಂಬಿ. ಆದರೆ ಲಗತ್ತು ಪಠ್ಯರೂಪಕ್ಕೆ ತಿರುಗಿ ಹೋಗುವುದರಿಂದ ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತದೆ. 18 ಎಂಬಿ ದಾಟಿದರೆ ನಾನು ಫೈಲನ್ನು ಗೂಗಲ್ ಡ್ರೈವ್‌ಗೆ ಏರಿಸಿ ಅದರ ಲಿಂಕ್ ಕೊಡುತ್ತೇನೆ. ಲಿಂಕ್ 'ರಿಸ್ಟ್ರಿಕ್ಟೆಡ್' ಆಗಿಯೇ ಉಳಿದರೆ ಪ್ರೆಸ್ಸಿನವರು ಅನುಮತಿ ಕೇಳಿ ಕಾಯುತ್ತಾ ಕೂರಬೇಕು. 'ಲಿಂಕ್ ಇರುವ ಯಾರಾದರೂ – ವ್ಯೂವರ್' ಮಾಡಿ, ನಿಮ್ಮ ಲಾಗಿನ್ ಇಲ್ಲದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ಖಚಿತಪಡಿಸಿಕೊಳ್ಳಿ. ವಿಳಾಸ-ದೂರವಾಣಿ ಪಟ್ಟಿಯಂಥ ಖಾಸಗಿ ವಿವರವಿದ್ದರೆ ಹೀಗೆ ತೆರೆದಿಡದೆ, ಪಡೆಯುವವರ ಮೇಲ್ ಐಡಿಯನ್ನೇ ಸೇರಿಸಿ.

ಲೇಖನ ತಿದ್ದಿದಾಗ ಹೊಸ ಲಿಂಕ್ ಬೇಡ. ಡ್ರೈವ್‌ನ 'ಮ್ಯಾನೇಜ್ ವರ್ಷನ್ಸ್'ನಲ್ಲಿ ಹೊಸ ಫೈಲು ಏರಿಸಿದರೆ ಹಳೆಯ ಲಿಂಕಿನಲ್ಲೇ ಅದು ತೆರೆಯುತ್ತದೆ. ಆಗಲೇ ಇಳಿಸಿಕೊಂಡವರಿಗೆ ಮಾತ್ರ ಇದು ತಿಳಿಯುವುದಿಲ್ಲ, ಯಾವ ಪುಟ ಬದಲಾಯಿತೆಂದು ಒಂದು ಸಾಲಿನ ಮೇಲ್ ಹಾಕಿ.