ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದೀರಾ? ಸೊಪ್ಪು ಬಿಡಬೇಡಿ, ಅಳತೆ ತಪ್ಪಿಸಬೇಡಿ

ಹೃದಯದ ವಾಲ್ವ್ ಬದಲಿಸಿದ ಮೇಲೆ ನಮ್ಮ ಅಮ್ಮನಿಗೆ ಈ ಮಾತ್ರೆ ಶುರುವಾಯಿತು. ‘ಸೊಪ್ಪು ಮುಟ್ಟಲೇಬೇಡಿ’ ಅಂದರು ಯಾರೋ. ಅಮ್ಮ ಎರಡು ತಿಂಗಳು ಸೊಪ್ಪಿನ ಕಡೆ ನೋಡಲಿಲ್ಲ. ಆಮೇಲೆ ತಡೆಯಲಾಗದೆ ನಾಲ್ಕು ದಿನ ಬಸ್ಸಾರು, ನುಗ್ಗೆ ಸೊಪ್ಪಿನ ಪಲ್ಯ ಉಂಡರು. ಐಎನ್‌ಆರ್ ಸರ್ರನೆ ಇಳಿಯಿತು (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ರಕ್ತಪರೀಕ್ಷೆಯ ಅಂಕಿ ಅದು). ನಮಗೆ ಬುದ್ಧಿ ಬಂದದ್ದು ಆಗಲೇ.

ಮೊದಲು ಮಾತ್ರೆಯ ಹೆಸರು ನೋಡಿ. ವಾರ್ಫರಿನ್ ಅಥವಾ ಅಸಿಟ್ರೋಮ್ ಆದರೆ ಸೊಪ್ಪಿನ ಲೆಕ್ಕ ಬೇಕು. ಅಪಿಕ್ಸಾಬಾನ್, ರಿವರೋಕ್ಸಾಬಾನ್, ಡಾಬಿಗಟ್ರಾನ್ ಆದರೆ ಬೇಡ.

ಲಿವರ್ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ತಯಾರಿಸಲು ವಿಟಮಿನ್ ಕೆ ಬೇಕು. ಸೊಪ್ಪಿನಲ್ಲಿ ಅದು ತುಂಬಾ ಇರುತ್ತದೆ. ವಾರ್ಫರಿನ್, ಅಸಿಟ್ರೋಮ್ ಮಾತ್ರೆ ಈ ವಿಟಮಿನ್ ಕೆಲಸಕ್ಕೇ ಅಡ್ಡ ಬರುತ್ತದೆ. ಸೊಪ್ಪು ದಿಢೀರನೆ ಜಾಸ್ತಿಯಾದರೆ ಐಎನ್‌ಆರ್ ಇಳಿದು ರಕ್ತ ಹೆಪ್ಪುಗಟ್ಟಬಹುದು. ದಿಢೀರನೆ ಬಿಟ್ಟರೆ ಅದು ಏರಿ ರಕ್ತಸ್ರಾವ ಆಗಬಹುದು. ಹೆಚ್ಚಿನವರಿಗೆ ಈ ಅಂಕಿ 2ರಿಂದ 3ರ ನಡುವೆ ಇರಬೇಕು. ಕೆಲವು ವಾಲ್ವ್‌ಗಳಿಗೆ ಸ್ವಲ್ಪ ಮೇಲೆ. ನಿಮ್ಮದು ಎಷ್ಟಿರಬೇಕೆಂದು ಡಾಕ್ಟರನ್ನೇ ಕೇಳಿ.

ಈಗ ಅಡುಗೆಮನೆಗೆ ಬನ್ನಿ. ಒಂದು ಸಣ್ಣ ಬಟ್ಟಲನ್ನು ಸೊಪ್ಪಿಗೆಂದೇ ಇಟ್ಟುಕೊಳ್ಳಿ. ಪಾಲಕ್, ಮೆಂತ್ಯ, ದಂಟು, ನುಗ್ಗೆ, ಯಾವುದೇ ಆಗಲಿ, ಬೇಯಿಸಿದ್ದು ಅದೇ ಬಟ್ಟಲಲ್ಲಿ, ಪ್ರತಿ ವಾರವೂ ಅಷ್ಟೇ ಸಲ. ಅಮ್ಮ ಸೊಪ್ಪು ತಿಂದ ದಿನ ಕ್ಯಾಲೆಂಡರಿನಲ್ಲಿ ‘ಸೊ’ ಎಂದು ಬರೆಯುತ್ತಾರೆ. ಮಂಗಳವಾರ, ಶುಕ್ರವಾರ, ಭಾನುವಾರ. ಮೇಲೆ ಉದುರಿಸುವ ನಾಲ್ಕು ಎಸಳು ಕೊತ್ತಂಬರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆದರೆ ಕೊತ್ತಂಬರಿ ಸೊಪ್ಪಿನ ಚಟ್ನಿ ಲೆಕ್ಕಕ್ಕೆ ಬರುತ್ತದೆ. ಅನ್ನ, ರಾಗಿ ಮುದ್ದೆ, ಸೌತೆಕಾಯಿಗೆ ಈ ಲೆಕ್ಕ ಬೇಡ.

ಉಪವಾಸ ಮಾಡುವ ಅಥವಾ ತೂಕ ಇಳಿಸುವ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಜ್ವರ, ಭೇದಿಯಿಂದ ಊಟ ಸೇರದಿದ್ದರೂ ಐಎನ್‌ಆರ್ ಏರಬಹುದು, ಫೋನ್ ಮಾಡಿ.

ಒಗ್ಗರಣೆಯ ಬೆಳ್ಳುಳ್ಳಿ, ಸಾರಿನ ಅರಿಶಿನಕ್ಕೆ ಹೆದರಬೇಡಿ. ಅವುಗಳ ಕ್ಯಾಪ್ಸೂಲ್, ನಾಟಿ ಕಷಾಯಗಳನ್ನು ಕೇಳದೆ ತಗೊಳ್ಳಬೇಡಿ. ಮದ್ಯ ಬೇಡ. ಮಂಡಿನೋವಿಗೆ ಸುಮ್ನೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವುದಂತೂ ತುಂಬಾ ಅಪಾಯ. ಮಾತ್ರೆ ಮರೆತರೆ ಮರುದಿನ ಎರಡು ನುಂಗಬೇಡಿ.

ಮಲ ಕಪ್ಪಗಾದರೆ, ವಸಡಿನ ರಕ್ತ ನಿಲ್ಲದಿದ್ದರೆ, ಬಿದ್ದು ತಲೆಗೆ ಪೆಟ್ಟಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಗಾಯ ಕಾಣದಿದ್ದರೂ ಹೋಗಿ. ಮಾತ್ರೆಯ ಹೆಸರನ್ನು ಅಲ್ಲಿ ಮೊದಲೇ ಹೇಳಿ.