ಮೇಷ್ಟ್ರ ಜೊತೆ ಕೂತು ಪೈಥಾನ್ ಕೋರ್ಸ್ ಕಟ್ಟುವುದು

ರಾಯಚೂರು ಕಡೆಯ ಡಿಗ್ರಿ, ಡಿಪ್ಲೊಮಾ ಮಕ್ಕಳಿಗೆ ಕನ್ನಡದಲ್ಲಿ ಆನ್‌ಲೈನ್ ಪೈಥಾನ್ (ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವ ಭಾಷೆ) ಕೋರ್ಸ್ ಮಾಡುವುದಾದರೆ ಮೇಷ್ಟ್ರ ಹತ್ತಿರ ಮೊದಲು ನೋಟ್ಸ್ ಕೇಳಬೇಡಿ, ಮಕ್ಕಳು ಬಿಡಿಸಬೇಕಾದ ಲೆಕ್ಕ ಕೇಳಿ. ನೋಟ್ಸ್ ಅಂದರೆ ಸಿಲಬಸ್ ಪೂರ್ತಿ ಬಂದು ಕೂರುತ್ತದೆ. ವಾರಕ್ಕೊಂದು ಪ್ರೋಗ್ರಾಮ್ ಗೊತ್ತುಮಾಡಿ, ಅದನ್ನು ಬರೆಯಲು ಬೇಕಾದಷ್ಟೇ ಪಾಠ ಇಟ್ಟುಕೊಳ್ಳಿ.

ಆಮೇಲೆ, "ಸರ್, ಇದ್ರಾಗ ಹುಡುಗ್ರು ಎಲ್ಲಿ ತಪ್ತಾರ್ರಿ?" ಅಂತ ಕೇಳಿ. ವರ್ಷಗಟ್ಟಲೆ ಲ್ಯಾಬಿನಲ್ಲಿ ನಿಂತವರಿಗೆ ಉತ್ತರ ಬಾಯಲ್ಲೇ ಇರುತ್ತದೆ. ಕೋರ್ಸಿನ ಜೀವ ಇರುವುದು ಅಲ್ಲೇ.

ಹತ್ತಿಯ ಲೆಕ್ಕವನ್ನೇ ನೋಡಿ. ಎರಡು ಗಾಡಿ, 850 ಕೆಜಿ ಮತ್ತು 720 ಕೆಜಿ. ಕ್ವಿಂಟಲ್‌ಗೆ 7000 ರೂಪಾಯಿ ಅಂತಿಟ್ಟುಕೊಳ್ಳಿ. ಬರಬೇಕಾದದ್ದು 1,09,900. ಹುಡುಗ ಎರಡೂ ತೂಕವನ್ನು, ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಇನ್‌ಪುಟ್‌ನಿಂದ ತಗೊಂಡು ಕೂಡಿಸಿ, ಕೊನೆಗೆ ಒಂದೇ ಸಲ ಇಂಟ್ (ಪೂರ್ಣಾಂಕವಾಗಿಸುವ ಆಜ್ಞೆ) ಹಾಕುತ್ತಾನೆ. ಉತ್ತರ 5,95,50,400! ಇನ್‌ಪುಟ್ ಕೊಡುವುದು ಅಂಕಿಯನ್ನಲ್ಲ, ಸ್ಟ್ರಿಂಗನ್ನು, ಅಂದರೆ ಬರೀ ಅಕ್ಷರಗಳ ಸಾಲನ್ನು; ಸ್ಟ್ರಿಂಗ್‌ಗಳ ನಡುವೆ ಪ್ಲಸ್ ಹಾಕಿದರೆ ಅಂಟಿಕೊಂಡು 850720 ಆಗುತ್ತದೆ. ಎರರ್ ಬರುವುದಿಲ್ಲ, ಆದ್ದರಿಂದಲೇ ಇದು ಅಪಾಯ. ಈ ತಪ್ಪನ್ನು ವಿಡಿಯೊದಲ್ಲಿ ಮೇಷ್ಟ್ರೇ ಮಾಡಿ ತೋರಿಸಲಿ, ಆಮೇಲೆ ಪ್ರತಿ ತೂಕವನ್ನೂ ತಗೊಳ್ಳುವಾಗಲೇ ಅಂಕಿಗೆ ಬದಲಿಸಲಿ. 850.5 ಬರುವಂತಿದ್ದರೆ ಇಂಟ್ ನಡೆಯದು, ದಶಮಾಂಶಕ್ಕಿರುವ ಫ್ಲೋಟ್ ಬೇಕು.

ಉತ್ತರವನ್ನು ತಾನೇ ತಾಳೆನೋಡುವ ವ್ಯವಸ್ಥೆ ಇಟ್ಟರೆ ಇನ್‌ಪುಟ್ ಒಳಗೆ "ತೂಕ:" ಎಂಬಂಥ ಮಾತು ಬರೆಯದಿರಲು ಹೇಳಿ. ಅದೂ ಔಟ್‌ಪುಟ್‌ಗೆ ಸೇರಿಕೊಂಡು ಸರಿ ಉತ್ತರವೂ ತಪ್ಪಾಗುತ್ತದೆ. ಹಳೆಯ ನುಡಿ ಫಾಂಟಿನ ನೋಟ್ಸ್ ಇದ್ದರೆ ಮೊದಲು ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಬರುವ ಯೂನಿಕೋಡ್‌ಗೆ ಬದಲಿಸಿ. ಇಲ್ಲದಿದ್ದರೆ ಸಬ್‌ಟೈಟಲ್ ಪೂರ್ತಿ ಚಿತ್ರವಿಚಿತ್ರ ಅಕ್ಷರ. ಇನ್ನೊಂದು: "ಬಳ್ಳಾರಿ" ಪದದ ಉದ್ದ ಕೇಳಿದರೆ ಪೈಥಾನ್ 7 ಅನ್ನುತ್ತದೆ. ನಮ್ಮ ಕಣ್ಣಿಗೆ ಮೂರು ಅಕ್ಷರ. ಒತ್ತು, ಗುಣಿತದ ಚಿಹ್ನೆಗಳನ್ನು ಅದು ಬೇರೆಬೇರೆ ಎಣಿಸುತ್ತದೆ, ಮೇಷ್ಟ್ರಿಗೆ ಇದು ಮೊದಲೇ ಗೊತ್ತಿರಲಿ.

ರೆಕಾರ್ಡಿಂಗ್ ಬೆಳಗ್ಗೆ 5.30ರಿಂದ 8ರೊಳಗೆ ಮುಗಿಯಲಿ. ಏಪ್ರಿಲ್, ಮೇ ಬಿಸಿಲಲ್ಲಿ ಆಮೇಲೆ ಫ್ಯಾನ್ ಇಲ್ಲದೆ ಕೂರಲಾಗದು, ಫ್ಯಾನ್ ಹಾಕಿದರೆ ಅದರ ಸದ್ದೂ ಮೈಕಿಗೆ ಸೇರುತ್ತದೆ. ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ. ನೋಡುವವರು ಫೋನಿನಲ್ಲಿ ನೋಡುತ್ತಾರೆ, ಕೋಡಿನ ಅಕ್ಷರ 24 ಸೈಜಿಗಿಂತ ಸಣ್ಣದಾಗದಿರಲಿ. ವಿಡಿಯೊ ಒಂದಕ್ಕೆ 6ರಿಂದ 8 ನಿಮಿಷ. ಮಾತು ತಡವರಿಸಿದರೆ ನಿಲ್ಲಿಸದೆ ಒಂದು ಚಪ್ಪಾಳೆ ತಟ್ಟಿ ಆ ವಾಕ್ಯವನ್ನು ಮತ್ತೆ ಹೇಳಲಿ; ಎಡಿಟಿಂಗ್‌ನಲ್ಲಿ ಆ ಸದ್ದಿನ ಗೆರೆ ಎದ್ದು ಕಾಣುತ್ತದೆ.

ಹಣ, ಹಕ್ಕು, ಸಂಶಯಗಳಿಗೆ ಉತ್ತರ ಕೊಡುವವರು ಯಾರು ಎಂಬುದು ಮೊದಲ ದಿನವೇ ಬರಹದಲ್ಲಿರಲಿ.

ಮೊದಲ ವಾರದ ಪಾಠ ಸಿದ್ಧವಾದ ತಕ್ಷಣ, ಮುಂದಿನದಕ್ಕೆ ಕೈಹಾಕುವ ಮೊದಲು, ಐದು ಮಕ್ಕಳಿಗೆ ಅವರವರ ಫೋನಿನಲ್ಲೇ ತೋರಿಸಿ. ಮೇಷ್ಟ್ರು ಹಿಂದೆ ಕೂತು ನೋಡಲಿ, ಬಾಯಿ ಹಾಕದಿರಲಿ. ಯಾರು ಯಾವ ನಿಮಿಷದಲ್ಲಿ ವಿಡಿಯೊ ಹಿಂದಕ್ಕೆ ಎಳೆದರೋ ಅದನ್ನು ಬರೆದುಕೊಳ್ಳಿ. ಮತ್ತೆ ರೆಕಾರ್ಡ್ ಮಾಡಬೇಕಾದದ್ದು ಆ ನಿಮಿಷವನ್ನೇ.