ಬಾಡಿನ ಜಾಗಕ್ಕೆ ಅನ್ನ ಬಡಿಸಬೇಡಿ

ನಮ್ಮದು ಮಂಡ್ಯ ಕಡೆಯ ಮನೆ. ಹಬ್ಬದ ಮಾರನೇ ದಿನ ಬಾಡೂಟ ಆಗದಿದ್ದರೆ ಹಬ್ಬ ಮುಗಿದ ಹಾಗೇ ಅನ್ನಿಸದು. ಅಂಥ ಮನೆಯಲ್ಲಿ ಹುಟ್ಟಿದ ಮೊಮ್ಮಗ ಎರಡು ವರ್ಷದ ಹಿಂದೆ "ಅಜ್ಜಿ, ಇನ್ಮೇಲೆ ನಂಗೆ ಬಾಡು ಬೇಡ" ಅಂದ. ಯಾಕೆ ಏನು ಅಂತ ನಾನು ಕೇಳಲಿಲ್ಲ, ತಿನ್ನೋದು ಬಿಡೋದು ಅವರವರ ಇಷ್ಟ. ಆದರೆ ಆಮೇಲೆ ಅವನ ತಟ್ಟೆ ನೋಡಿದಾಗೆಲ್ಲ ಕರುಳು ಚುರುಕ್ ಅನ್ನುತ್ತಿತ್ತು. ಮೂರು ಸೌಟು ಅನ್ನ, ತಿಳಿಸಾರು, ಮೇಲೊಂದು ಹಪ್ಪಳ. ಸಂಜೆ ನಾಲ್ಕಾಗುವುದರೊಳಗೆ ಮತ್ತೆ ಹಸಿವು, ಬೇಕರಿ ಕಡೆ ಕಾಲು.

ಹೊಸದಾಗಿ ಸಸ್ಯಾಹಾರಕ್ಕೆ ಬಂದವರು ಎಡವುವುದೇ ಇಲ್ಲಿ. ತಟ್ಟೆಯಿಂದ ಬಾಡು ಎದ್ದು ಹೋಗುತ್ತದೆ, ಆ ಜಾಗಕ್ಕೆ ಅನ್ನ ಬಂದು ಕೂರುತ್ತದೆ. ಕೂರಬೇಕಾದದ್ದು ಕಾಳು. ಹುಟ್ಟಾ ಸಸ್ಯಾಹಾರಿಗಳ ಮನೆಯಲ್ಲಿ ಬೇಳೆ, ಕೋಸಂಬರಿ, ಉಸಲಿ, ಮಜ್ಜಿಗೆ ಎಲ್ಲ ತಲೆಮಾರುಗಳಿಂದ ರೂಢಿಯಾಗಿರುತ್ತವೆ. ನಮ್ಮಂಥವರ ಮನೆಯಲ್ಲಿ ಬಾಡು ಬಿಟ್ಟವನಿಗೆ ಆ ರೂಢಿಯನ್ನು ಹೊಸದಾಗಿ ಕಟ್ಟಿಕೊಡಬೇಕು. ಅದಕ್ಕೆ ಒದಗುವ ಕಾಳುಗಳಲ್ಲಿ ಸೋಯಾ ಕೂಡ ಒಂದು, ಇಲ್ಲಿ ಹೆಚ್ಚು ಹೇಳುವುದು ಅದರ ಬಗ್ಗೆಯೇ.

ಲೆಕ್ಕ ಬೇಕೆನ್ನುವವರಿಗೆ ಹೇಳುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2020ರ ಅಳತೆಯಂತೆ ದೊಡ್ಡವರಿಗೆ ದೇಹದ ಒಂದೊಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅರವತ್ತು ಕಿಲೋ ಇರುವವನಿಗೆ ಹೆಚ್ಚುಕಡಿಮೆ 50 ಗ್ರಾಂ. ಅಕ್ಕಿ, ರಾಗಿ ಸೇರಿ ದಿನಕ್ಕೆ 300 ಗ್ರಾಂ ತಿಂದರೆ ಇಪ್ಪತ್ತರ ಆಸುಪಾಸು ಅಲ್ಲೇ ಬಂತು. ಒಂದು ಹಿಡಿ ಬೇಳೆಯೋ ಕಾಳೋ, ಒಣಗಿದ್ದು 50 ಗ್ರಾಂ, ಬೇಯಿಸಿ ತಿಂದರೆ ಹತ್ತು ಹನ್ನೊಂದು. ಎರಡು ಲೋಟ ಹಾಲು ಮೊಸರು ಹನ್ನೆರಡು. ಒಂದು ಹಿಡಿ ಕಡ್ಲೇಕಾಯಿ ಬೀಜ ಏಳು. ಆಯ್ತಲ್ಲ! ಸೋಯಾ ಇಲ್ಲದೆಯೂ ಲೆಕ್ಕ ತುಂಬಿತು. ಯಾಕೆ ಹೇಳಿದೆ ಅಂದರೆ, ಕೆಲವರು ಸೋಯಾ ಒಂದನ್ನೇ ನೆಚ್ಚಿಕೊಂಡು ಮೂರು ಹೊತ್ತೂ ಅದನ್ನೇ ತಿನ್ನುತ್ತಾರೆ, ತಿಂಗಳಾಗುವಷ್ಟರಲ್ಲಿ ಬೇಸತ್ತು ಅದನ್ನೂ ಬಿಡುತ್ತಾರೆ. ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಮೂರು ದಿನ ಸೋಯಾ, ಮಿಕ್ಕ ದಿನ ಹುರುಳಿ, ಅಲಸಂದೆ, ಹೆಸರುಕಾಳು. ಅವರೆ ಕಾಲದಲ್ಲಿ ಸೋಯಾದ ಹೆಸರನ್ನೇ ಯಾರೂ ಎತ್ತುವುದಿಲ್ಲ.

ಹಾಗಂತ ಸೋಯಾ ಸಣ್ಣ ಕಾಳೇನಲ್ಲ. ನಮ್ಮ ಬೇಳೆಕಾಳುಗಳಲ್ಲಿ ನೂರು ಗ್ರಾಮಿಗೆ ಇಪ್ಪತ್ತೆರಡು ಇಪ್ಪತ್ನಾಲ್ಕು ಗ್ರಾಂ ಪ್ರೋಟೀನ್ ಇದ್ದರೆ ಇದರಲ್ಲಿ ಮೂವತ್ತಾರರ ಮೇಲೆ. ಬೀದರ್, ಬೆಳಗಾವಿ, ಧಾರವಾಡದ ಕಡೆ ಮುಂಗಾರಿಗೆ ಹೊಲಹೊಲವೇ ಬಿತ್ತುತ್ತಾರೆ, ಸೋಯಾ ಅವರೆ ಅಂತ ಕರೆಯುತ್ತಾರೆ. ಬೆಳೆಯೆಲ್ಲ ಎಣ್ಣೆ ಮಿಲ್ಲಿಗೆ ಹೋಗುತ್ತದೆಯೇ ಹೊರತು ಬೆಳೆದವರ ಅಡುಗೆಮನೆಗೆ ಬರುವುದು ಕಮ್ಮಿ.

ಅಂಗಡಿಯಲ್ಲಿ ಮೊದಲು ಕೈಗೆ ಸಿಗುವುದು ಸೋಯಾ ಚಂಕ್ಸ್, ಮೀಲ್ ಮೇಕರ್ ಅಂತಲೂ ಅನ್ನುತ್ತಾರೆ. ಎಣ್ಣೆ ತೆಗೆದು ಉಳಿದ ಹಿಟ್ಟನ್ನು ಬಿಸಿಯಲ್ಲಿ ಒತ್ತಿ ಮಾಡಿದ ಉಂಡೆ ಅದು. ನಾನು ಮೊದಲ ಸಲ ಮಾಡಿದಾಗ ತೊಳೆದು ನೇರವಾಗಿ ಸಾರಿಗೆ ಸುರಿದಿದ್ದೆ. ನೆನೆದ ಗೋಣಿಚೀಲದ ವಾಸನೆ! ಸಾರೂ ಹೋಯ್ತು, ಮಸಾಲೆಯೂ ಹೋಯ್ತು. ಈಗ ಮಾಡುವ ಬಗೆ ಬೇರೆ. ನೀರಿಗೆ ಉಪ್ಪು ಹಾಕಿ ಕುದಿಸಿ, ಒಲೆ ಆರಿಸಿ, ಚಂಕ್ಸ್ ಹಾಕಿ ಹತ್ತು ಹದಿನೈದು ನಿಮಿಷ ಮುಚ್ಚಿಡಿ. ಆಮೇಲೆ ತಣ್ಣೀರಿನಲ್ಲಿ ತೊಳೆದು ಹಿಂಡಿ, ಮತ್ತೆ ತೊಳೆದು ಹಿಂಡಿ. ಎರಡನೇ ಸಲ ಹಿಂಡುವುದನ್ನು ಸೋಮಾರಿತನದಿಂದ ಬಿಟ್ಟರೆ ವಾಸನೆ ಉಳಿದುಬಿಡುತ್ತದೆ. ಹಿಂಡಿದ್ದಕ್ಕೆ ಉಪ್ಪು, ಅರಿಸಿನ, ಖಾರದ ಪುಡಿ, ಒಂದು ಚಮಚ ಮೊಸರು ಸವರಿ ಅರ್ಧ ಗಂಟೆ ಇಟ್ಟು, ಎಣ್ಣೆಯಲ್ಲಿ ಅಂಚು ಕೆಂಪಗಾಗುವವರೆಗೆ ಹುರಿದು, ಬಾಡಿನ ಸಾರಿಗೆ ರುಬ್ಬುವ ಅದೇ ಚಕ್ಕೆ ಲವಂಗ ಗಸಗಸೆ ಕೊಬ್ಬರಿಯ ಮಸಾಲೆಗೆ ಹಾಕಿ. ಮುದ್ದೆಗೆ ಚೆನ್ನಾಗಿ ಹೊಂದುತ್ತದೆ. ಬಾಡಿನ ರುಚಿ ಬರುತ್ತದೆ ಅಂತ ಸುಳ್ಳು ಹೇಳಲಾರೆ, ಮಸಾಲೆಯ ರುಚಿ ಮಾತ್ರ ಅದೇ.

ಪೊಟ್ಟಣದ ಮೇಲೆ ನೂರು ಗ್ರಾಮಿಗೆ 52 ಗ್ರಾಂ ಪ್ರೋಟೀನ್ ಅಂತ ಬರೆದಿರುವುದು ಒಣ ಚಂಕ್ಸಿನ ಲೆಕ್ಕ. ನೆನೆದ ಮೇಲೆ ತೂಕ ಎರಡು ಮೂರು ಪಟ್ಟು ಏರುತ್ತದೆ, ಅದರಲ್ಲಿ ಏರಿದ್ದೆಲ್ಲ ನೀರು. ಬಟ್ಟಲು ತುಂಬ ತಿಂದೆ ಅಂತ ಬೀಗಬೇಡಿ. ಒಬ್ಬರಿಗೆ ಒಂದು ಹೊತ್ತಿಗೆ ಒಣಗಿದ್ದು 30 ಗ್ರಾಂ ಸಾಕು.

ಕಾಳನ್ನೇ ಬೇಯಿಸುವವರು ರಾತ್ರಿಯೇ ನೆನೆಹಾಕಿ. ಹತ್ತು ಗಂಟೆ ಬೇಕು, ಬೇಸಿಗೆಯಲ್ಲಿ ನಡುವೆ ಒಂದು ಸಲ ನೀರು ಬದಲಿಸದಿದ್ದರೆ ಹುಳಿ ವಾಸನೆ ಬರುತ್ತದೆ. ಆ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ. ಸೋಯಾ ವಿಪರೀತ ನೊರೆ ಬರುವ ಕಾಳು, ಕುಕ್ಕರಿನಲ್ಲಿ ಅರ್ಧಕ್ಕಿಂತ ಮೇಲೆ ತುಂಬಬೇಡಿ, ಒಂದು ಚಮಚ ಎಣ್ಣೆ ಬಿಡಿ. ಐದಾರು ಕೂಗು ಬೇಕೇ ಬೇಕು. ಹಸಿಯದರಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ, ಅದು ಚೆನ್ನಾಗಿ ಬೆಂದಾಗಲೇ ಹೋಗುವುದು. ಹೆಸರುಕಾಳಿನ ಹಾಗೆ ಮೊಳಕೆ ಕಟ್ಟಿ ಹಸಿಯಾಗಿ ಕೋಸಂಬರಿ ಮಾಡಬೇಡಿ. ತೊಗರಿಯಂತೆ ಇದು ಕರಗುವುದೂ ಇಲ್ಲ. ಬಸ್ಸಾರು ಮಾಡಿದರೆ ಕಟ್ಟು ನೀರು ನೀರಾಗಿ ಉಳಿಯುತ್ತದೆ, ಅದಕ್ಕೆ ಒಂದು ಸೌಟು ಬೆಂದ ಕಾಳನ್ನು ಮಸಾಲೆ ಜೊತೆ ನುಣ್ಣಗೆ ರುಬ್ಬಿ.

ಟೋಫು, ಅಂದರೆ ಕೆಲವರು ಸೋಯಾ ಪನೀರ್ ಅನ್ನುವುದು, ಮನೆಯಲ್ಲೇ ಆಗುತ್ತದೆ. ನೆನೆದ ಕಾಳನ್ನು ಉಜ್ಜಿ ಸಿಪ್ಪೆ ತೆಗೆದು, ಬಿಸಿ ನೀರು ಹಾಕಿ ರುಬ್ಬಿ. ತಣ್ಣೀರಾದರೆ ಹಸಿಕಾಳಿನ ವಾಸನೆ ಹೆಚ್ಚು. ಬಟ್ಟೆಯಲ್ಲಿ ಸೋಸಿದ ಹಾಲನ್ನು ದೊಡ್ಡ ಪಾತ್ರೆಯಲ್ಲಿ ಕಾಯಿಸಿ. ಇದು ಹಸುವಿನ ಹಾಲಿನಂತಲ್ಲ, ಸರಿಯಾಗಿ ಕುದಿಯುವ ಮೊದಲೇ ಉಕ್ಕಿ ಮೋಸ ಮಾಡುತ್ತದೆ. ಉಕ್ಕಿತೆಂದು ಇಳಿಸದೆ, ಉರಿ ತಗ್ಗಿಸಿ ತಿರುವುತ್ತಾ ಹದಿನೈದು ಇಪ್ಪತ್ತು ನಿಮಿಷ ಕುದಿಸಿ. ಆಮೇಲೆ ಒಲೆ ಆರಿಸಿ, ನೀರು ಬೆರೆಸಿದ ನಿಂಬೆರಸ ಸ್ವಲ್ಪಸ್ವಲ್ಪವೇ ಬಿಟ್ಟರೆ ಒಡೆಯುತ್ತದೆ. ಬಟ್ಟೆಯಲ್ಲಿ ಕಟ್ಟಿ ಮೇಲೆ ಕಲ್ಲಿಟ್ಟು ಅರ್ಧ ಗಂಟೆ ಬಿಟ್ಟರೆ ಗಟ್ಟಿಯಾದೀತು. ಹಾಲು ಸೋಸಿದಾಗ ಬಟ್ಟೆಯಲ್ಲಿ ಉಳಿದ ಚರಟ ಹಸಿಯದು, ಹಬೆಯಲ್ಲಿ ಬೇಯಿಸಿಯೇ ಅಕ್ಕಿ ರೊಟ್ಟಿ ಹಿಟ್ಟಿಗೆ ಸೇರಿಸಿ. ಈರುಳ್ಳಿ, ಸಬ್ಬಸಿಗೆ ಸೊಪ್ಪು ಇದ್ದರೆ ಮಕ್ಕಳಿಗೆ ಗೊತ್ತೂ ಆಗುವುದಿಲ್ಲ.

ಪ್ರೋಟೀನಿಗಿಂತ ನನಗೆ ಹೆಚ್ಚು ಚಿಂತೆ ಬಿ12 ವಿಟಮಿನ್ನಿನದು. ಅದು ಸೊಪ್ಪು, ಕಾಳು, ಸೋಯಾ ಯಾವುದರಲ್ಲೂ ನೆಚ್ಚುವಷ್ಟು ಇಲ್ಲ. ಹಾಲು ಮೊಸರಿನಲ್ಲಿ ಸ್ವಲ್ಪ ಇದೆ, ಮೊಟ್ಟೆಯಲ್ಲಿದೆ. ಪಿತ್ತಜನಕಾಂಗದಲ್ಲಿ ಹಳೆಯ ದಾಸ್ತಾನು ಇರುವುದರಿಂದ ಬಾಡು ಬಿಟ್ಟ ಮೊದಲ ಒಂದೆರಡು ವರ್ಷ ಏನೂ ಗೊತ್ತಾಗದೆ ಇರಬಹುದು, ಆಮೇಲೆ ಸುಸ್ತು, ಕೈಕಾಲು ಜೋಮು. ಹಾಲನ್ನೂ ಬಿಟ್ಟವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹುಕಾಲದಿಂದ ನುಂಗುತ್ತಿರುವವರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಆ ಮಾತ್ರೆಯಿಂದಲೂ ಬಿ12 ಇಳಿಯುತ್ತದೆ.

ಕಬ್ಬಿಣದ ಅಂಶಕ್ಕೆ ಕಾಳು ಸೊಪ್ಪು ಎರಡೂ ಸರಿ, ಆದರೆ ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಇಲ್ಲ ನೆಲ್ಲಿಕಾಯಿ ಇರಲಿ. ಊಟ ಮುಗಿದ ಕೂಡಲೇ ಕಾಫಿ ಬೇಡ, ಒಂದು ಗಂಟೆ ತಡೆಯಿರಿ. ಹೆಣ್ಣುಮಕ್ಕಳಿಗಂತೂ ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ.

ಥೈರಾಯ್ಡ್ ಮಾತ್ರೆ ನುಂಗುವವರು ಬೆಳಗ್ಗೆ ಮಾತ್ರೆಯ ಹಿಂದೆಯೇ ಸೋಯಾ ಹಾಲು ಕುಡಿಯಬಾರದು, ನಾಲ್ಕು ಗಂಟೆ ಅಂತರವಿರಲಿ. ಸೋಯಾ ಕೆಲವರ ಮೈಗೆ ಒಗ್ಗುವುದಿಲ್ಲ, ತುರಿಕೆಯೋ ಊತವೋ ಕಂಡರೆ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಗಂಡಸರು ತಿಂದರೆ ಗಂಡಸುತನ ಕುಗ್ಗುತ್ತದೆ ಅಂತ ನಮ್ಮ ಜಗಲಿಯಲ್ಲೂ ಗುಸುಗುಸು ಇದೆ. ಮನೆಯೂಟದ ಪ್ರಮಾಣಕ್ಕೆ ಹಾಗೇನೂ ಆಗುವುದಿಲ್ಲ. ಸೋಯಾ ಸಾಸ್ ಸುರಿದುಕೊಂಡರೆ ಪ್ರೋಟೀನ್ ಬಂತು ಅಂದುಕೊಳ್ಳುವವರನ್ನೂ ಕಂಡಿದ್ದೇನೆ, ಅದು ಬರೀ ಉಪ್ಪು.

ಮೊದಲ ವಾರ ಹೊಟ್ಟೆ ಉಬ್ಬರಿಸುತ್ತದೆ. ಸ್ವಲ್ಪದಿಂದ ಶುರು ಮಾಡಿ, ಒಗ್ಗರಣೆಗೆ ಇಂಗು, ಶುಂಠಿ ಧಾರಾಳವಾಗಿರಲಿ. ಮೊಮ್ಮಗ ಈಗ ಭಾನುವಾರ ತಾನೇ ಚಂಕ್ಸ್ ಹಿಂಡಿ ಕೊಡುತ್ತಾನೆ. ಎರಡು ಸಲ ಹಿಂಡಿದೆಯೇನೋ ಅಂತ ನಾನು ಅಡುಗೆಮನೆಯಿಂದ ಕೂಗುತ್ತೇನೆ, "ಹೂಂ ಅಜ್ಜಿ" ಅನ್ನುತ್ತಾನೆ. ಆದರೂ ನಾನೊಮ್ಮೆ ಮೂಸಿ ನೋಡಿಯೇ ಹಾಕುವುದು.